ಪೂರಾ ಆಗದ ಏರಿಕೆ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇಸ್ಪೀಟಿನ ಲೇಖನ ಯಾಕಪ್ಪಾ ಎಂದು ಹುಬ್ಬೇರಿಸಬೇಡಿ. ಜೂಜಾಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಕೈಯಲ್ಲಿ ಕಡಿಮೆ ದುಡ್ಡಿದ್ದವನಿಗೆ ಆಟದಲ್ಲಿ ಎಷ್ಟು ಹಕ್ಕಿರಬೇಕು? ಕಾಮರ್ಸ್ ಓದುವ ನನಗೆ ಇದು ದೊಡ್ಡ ಪ್ರಶ್ನೆ. ಅಮೆರಿಕದ ಪೋಕರ್ ಕೋಣೆಗಳು ಇದಕ್ಕೊಂದು ಚೊಕ್ಕ ಉತ್ತರ ಕಂಡುಕೊಂಡಿವೆ.

ಪೋಕರಿನಲ್ಲಿ ಒಬ್ಬ ಪಣ ಕಟ್ಟಿದರೆ ಮುಂದಿನವನಿಗೆ ಮೂರು ದಾರಿ. ಎಲೆ ಕೆಳಗಿಟ್ಟು ಕೈಬಿಡಬಹುದು, ಅಷ್ಟೇ ಹಣ ಹಾಕಿ ಸರಿಗಟ್ಟಬಹುದು, ಇಲ್ಲವೇ ಪಣ ಏರಿಸಬಹುದು. ಏರಿಸುವುದಕ್ಕೆ ಅಲ್ಲಿ ‘ರೇಸ್’ ಅಂತಾರೆ. ನಮ್ಮ ಮಹಾಲಕ್ಷ್ಮಿಯ ಕುದುರೆಗಳಿಗೂ ಇದಕ್ಕೂ ಸಂಬಂಧವಿಲ್ಲ! ‘ನೋ ಲಿಮಿಟ್’ ಆಟದಲ್ಲಿ ಏರಿಕೆ ಎಷ್ಟು ದೊಡ್ಡದಾದರೂ ಆಗಬಹುದು, ಆದರೆ ಹಿಂದಿನ ಪಣ ಅಥವಾ ಏರಿಕೆಗಿಂತ ಚಿಕ್ಕದಾಗಬಾರದು. ಒಬ್ಬ 100 ಕಟ್ಟಿದ್ದರೆ, ಏರಿಸುವವನು ಕನಿಷ್ಠ 200 ಮಾಡಬೇಕು.

ಇನ್ನೊಂದು ನಿಯಮ: ಮೇಜಿನ ಮೇಲೆ ಇದ್ದಷ್ಟೇ ಬಂಡವಾಳ. ಆಟದ ನಡುವೆ ಜೇಬಿಗೆ ಕೈ ಹಾಕುವಂತಿಲ್ಲ. ಹಣ ಸಾಲದವನು ಇದ್ದದ್ದನ್ನೆಲ್ಲ ಇಟ್ಟು ‘ಆಲ್ ಇನ್’ ಅಂದರೆ ಸಾಕು, ಅವನನ್ನು ಯಾರೂ ಎಬ್ಬಿಸಲಾರರು. ಗೆದ್ದರೆ ಪ್ರತಿಯೊಬ್ಬರಿಂದಲೂ ತಾನಿಟ್ಟಷ್ಟೇ ಅವನಿಗೆ ಸಿಗುತ್ತದೆ.

ತಕರಾರು ಹುಟ್ಟುವುದು ಇಲ್ಲೇ. ರಂಗ 100 ಕಟ್ಟಿದ. ಭೀಮ 100 ಹಾಕಿ ಸರಿಗಟ್ಟಿದ. ಸೋಮನ ಹತ್ತಿರ ಇರೋದೇ 140, ಪೂರ್ತಿ ಇಟ್ಟುಬಿಟ್ಟ. ಇದು 40ರ ಏರಿಕೆ, ಅಂದರೆ ಅಪೂರ್ಣ. ಈಗ ರಂಗ, ಭೀಮ ಇಬ್ಬರೂ ಇನ್ನು 40 ಹಾಕಬಹುದು ಅಥವಾ ಬಿಡಬಹುದು, ಮತ್ತೆ ಏರಿಸುವಂತಿಲ್ಲ. ಅವರ ಸರದಿ ಆಗಲೇ ಮುಗಿದಿದೆ. ಆದರೆ ಸೋಮನ ನಂತರ ಕೂತ ಚೆನ್ನ ಇನ್ನೂ ಮಾತೇ ಆಡಿಲ್ಲ, ಅವನು ಏರಿಸಬಹುದು. ಅವನು ಪೂರ್ತಿ ಏರಿಸಿದರೆ ಎಲ್ಲರಿಗೂ ಬಾಗಿಲು ಮತ್ತೆ ತೆರೆಯುತ್ತದೆ.

ಚೆನ್ನನೂ 210 ಇಟ್ಟು ‘ಆಲ್ ಇನ್’ ಆದ ಅನ್ನಿ. ಅವನ ಏರಿಕೆ 70 ಮಾತ್ರ, ಅದೂ ಅಪೂರ್ಣ. ಆದರೂ ರಂಗನ ಮುಂದೆ ಈಗ 110ರ ಬಾಕಿ ಇದೆ, ಅದು 100ಕ್ಕಿಂತ ಹೆಚ್ಚು. ಎರಡು ಚೂರು ಸೇರಿ ಒಂದು ಪೂರ್ತಿ ಏರಿಕೆ ಆಯಿತು. ರಂಗ ಮತ್ತೆ ಏರಿಸಬಹುದು.

ಇಷ್ಟು ಕಟ್ಟುನಿಟ್ಟು ಯಾಕೆ? ರಂಗ, ಸೋಮ ಒಳಗೊಳಗೇ ಜೊತೆಗಾರರು ಅಂದುಕೊಳ್ಳಿ. ಸೋಮ ನಾಲ್ಕು ಕಾಸು ಹೆಚ್ಚಿಟ್ಟ ನೆಪದಲ್ಲಿ ರಂಗನಿಗೆ ಇನ್ನೊಮ್ಮೆ ಏರಿಸುವ ಅವಕಾಶ ಸಿಕ್ಕರೆ, ನಡುವೆ ಸಿಕ್ಕಿಕೊಂಡ ಭೀಮನ ಗತಿಯೇನು? 100ಕ್ಕೆ ಒಪ್ಪಿ ಕೂತವನ ಒಪ್ಪಂದ 40ರ ನೆಪದಲ್ಲಿ ಮುರಿಯಬಾರದು.

ಹಣವಿದ್ದೂ ಕಡಿಮೆ ಇಟ್ಟವನ ಲೆಕ್ಕ ಬೇರೆ. ಪಂದ್ಯ ನಡೆಸುವವರ ಟಿಡಿಎ ಎಂಬ ಸಂಘ 2001ರಲ್ಲಿ ಹುಟ್ಟಿತು. ಅದರ ನಿಯಮದಂತೆ, ಬೇಕಾದ ಏರಿಕೆಯ ಅರ್ಧವನ್ನಾದರೂ ಇಟ್ಟವನು ಪೂರ್ತಿ ಮಾಡಲೇಬೇಕು. ಅರ್ಧಕ್ಕಿಂತ ಕಡಿಮೆಯಾದರೆ ಬರೀ ಸರಿಗಟ್ಟಿದಂತೆ. 100ರ ಮೇಲೆ 160 ಇಟ್ಟರೆ 200 ತೆರಬೇಕು, 140 ಇಟ್ಟರೆ 100ಕ್ಕೇ ನಿಲ್ಲಬೇಕು. ಪಣದ ಅಳತೆ ಮೊದಲೇ ಗೊತ್ತಾಗಿರುವ ‘ಲಿಮಿಟ್’ ಆಟದಲ್ಲಿ ಮಾತ್ರ ‘ಆಲ್ ಇನ್’ ಆದವನ ಅರ್ಧ ಏರಿಕೆಯೂ ಬಾಗಿಲು ತೆರೆಯುತ್ತದೆ.

ಹೀಗೆ ಇಲ್ಲದವನನ್ನು ಆಟದಿಂದ ತಳ್ಳದೆ, ಅವನ ಕೊರತೆಯಿಂದ ಇನ್ನೊಬ್ಬ ಲಾಭ ಮಾಡಿಕೊಳ್ಳದಂತೆಯೂ ನೋಡಿಕೊಂಡಿದ್ದಾರೆ. ನಮ್ಮ ಹಾಸ್ಟೆಲಿನಲ್ಲಿ ಬೆಂಕಿಕಡ್ಡಿ ಇಟ್ಟು ಆಡುವವರೂ ಎಲೆ ಹಂಚುವ ಮೊದಲೇ ಇದನ್ನು ಮಾತಾಡಿಕೊಂಡರೆ ಒಳ್ಳೇದು. ಎಲೆ ನೋಡಿದ ಮೇಲೆ ಪ್ರತಿಯೊಬ್ಬನಿಗೂ ತನ್ನದೇ ನ್ಯಾಯ ಕಾಣಿಸುತ್ತೆ.