ಕೂಸಿನ ಸೊಂಟದ ಕೀಲು: ಆರು ತಿಂಗಳೊಳಗೆ ತೋರಿಸಿ

ನೋವಿಲ್ಲ, ಜ್ವರವಿಲ್ಲ, ಕೂಸು ಅಳುವುದೂ ಇಲ್ಲ. ತೊಡೆಯೆಲುಬಿನ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೂ ಮನೆಯವರಿಗೆ ಗೊತ್ತಾಗುವುದು ಮಗು ಹೆಜ್ಜೆಯಿಟ್ಟು ಕುಂಟಿದಾಗಲೇ. ಆಗಲೂ ‘ದೊಡ್ಡದಾದಂಗ ಸರಿ ಹೋಗ್ತದ’ ಎಂದು ಇನ್ನೊಂದು ವರ್ಷ ಕಳೆದುಬಿಡುತ್ತಾರೆ. ತಾನಾಗಿ ಸರಿಹೋಗುವ ವಯಸ್ಸು ಅದಲ್ಲ.

ಹೆಣ್ಣುಕೂಸುಗಳಲ್ಲಿ, ಹೊಟ್ಟೆಯಲ್ಲಿ ತಲೆ ಮೇಲಾಗಿದ್ದ ಕೂಸುಗಳಲ್ಲಿ ಈ ತೊಂದರೆ ಹೆಚ್ಚು. ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿದ್ದರೆ, ಒಂದು ಕಾಲು ಗಿಡ್ಡ ಕಂಡರೆ ಡಾಕ್ಟರಿಗೆ ತೋರಿಸಬೇಕು. ಅವರು ಕೂಸಿನ ಮೊಣಕಾಲು ಮಡಚಿ ಹಿಡಿದು, ಹೆಬ್ಬೆರಳು ಒಳತೊಡೆಗೆ, ನಡುಬೆರಳು ಹೊರಗಿನ ಎಲುಬಿಗೆ ಇಟ್ಟು ಮೆಲ್ಲಗೆ ಅಗಲಿಸುತ್ತಾರೆ. ಜಾರಿದ ಗುಂಡು ಗುಳಿಗೆ ಮರಳಿದರೆ ಬೆರಳಿಗೇ ‘ಟಕ್’ ಎಂದು ತಿಳಿಯುತ್ತದೆ. ಇಟಲಿಯ ಮಕ್ಕಳ ವೈದ್ಯ ಒರ್ಟೊಲಾನಿ 1937ರಲ್ಲಿ ತಿಳಿಸಿಕೊಟ್ಟ ಪರೀಕ್ಷೆಯಿದು. ಯಂತ್ರ ಬೇಡ, ಪಳಗಿದ ಕೈ ಸಾಕು. ಅನುಮಾನ ಬಂದರೆ ಸ್ಕ್ಯಾನಿಂಗ್.

ಆರು ತಿಂಗಳೊಳಗೆ ಸಿಕ್ಕರೆ ಬಹುಪಾಲು ಕೂಸುಗಳಿಗೆ ಪಾವ್ಲಿಕ್ ಪಟ್ಟಿಯೇ ಸಾಕಾಗುತ್ತದೆ. ಹೆಗಲಿನಿಂದ ಪಾದದವರೆಗೆ ಬರುವ ಈ ಪಟ್ಟಿಗಳು ಕಾಲುಗಳನ್ನು ಕಪ್ಪೆಯಂತೆ ಮಡಚಿ ಅಗಲಿಸಿಡುತ್ತವೆ. ಮೊದಲ ವಾರಗಳಲ್ಲಿ ಹಗಲೂ ರಾತ್ರಿ ಬಿಚ್ಚುವಂತಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಕಷ್ಟ ಇರುವುದೇ ಇಲ್ಲಿ. ಎಣ್ಣೆ ಹಚ್ಚಿ, ಕಾಲು ನೀವಿ, ಬಿಸಿನೀರು ಎರೆಯದಿದ್ದರೆ ಕೂಸು ಹೇಗೆ ಗಟ್ಟಿಯಾದೀತು ಎಂದು ಅಜ್ಜಿ ಕೇಳುತ್ತಾಳೆ. ಅದು ಪ್ರೀತಿಯ ಮಾತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕೆಂದು ಡಾಕ್ಟರು ತಾಯಿಗಷ್ಟೇ ಅಲ್ಲ, ಆ ಅಜ್ಜಿಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕು. ಇನ್ನೊಂದು ಅಡ್ಡಿ ಗುಳೆ. ಕೂಸು ಬೆಳೆದಂತೆ ಪಟ್ಟಿ ಸರಿಪಡಿಸುತ್ತಲೇ ಇರಬೇಕು. ತಾಯಿ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಹೋಗಲೇಬೇಕಾದರೆ ಚೀಟಿ, ಸ್ಕ್ಯಾನಿಂಗ್ ವರದಿ ಜೊತೆಗಿರಲಿ, ಅಲ್ಲಿನ ಮೂಳೆ ಡಾಕ್ಟರನ್ನು ಕಾಣಲಿ.

ಆರು ತಿಂಗಳು ದಾಟಿದರೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ, ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಒಂದೂವರೆ ವರ್ಷ ದಾಟಿದರೆ ಸಾಮಾನ್ಯವಾಗಿ ಆಪರೇಷನ್ನೇ.

ಕೂಸಿನ ಕಾಲನ್ನು ನೇರಮಾಡಿ ಬಿಗಿಯಾಗಿ ಸುತ್ತುವುದನ್ನು ಬಿಡಬೇಕು. 1970ರ ದಶಕದಲ್ಲಿ ಜಪಾನ್ ಇದನ್ನು ಬಿಡಿಸುವ ಅಭಿಯಾನ ನಡೆಸಿದ ಮೇಲೆ ಅಲ್ಲಿ ಕೀಲು ಜಾರಿದ ಕೂಸುಗಳು ಬಹಳ ಕಡಿಮೆಯಾದವು. ನಮ್ಮ ಹೆಣ್ಣುಮಕ್ಕಳು ಕತ್ತು ನಿಂತ ಕೂಸನ್ನು ಕಾಲು ಅಗಲಿಸಿ ಬಗಲಲ್ಲಿ ಎತ್ತಿಕೊಳ್ಳುವುದು ಕೀಲಿಗೆ ಒಳ್ಳೆಯದೇ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಈ ತೊಂದರೆಯೂ ಇದೆ, ಚಿಕಿತ್ಸೆ ಉಚಿತ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ‘ಸೊಂಟದ ಕೀಲೂ ನೋಡ್ರಿ’ ಎಂದು ಬಾಯಿಬಿಟ್ಟು ಕೇಳಿ.