ಇಂಗ್ಲಿಷಿನ ಅನಿಯತ ಬಹುವಚನಗಳು: ಅವುಗಳ ಲ್ಯಾಟಿನ್ ಮತ್ತು ಗ್ರೀಕ್ ಮೂಲ

ಇಂಗ್ಲಿಷ್ ವ್ಯಾಕರಣವನ್ನು ಬೋಧಿಸುವ ಪುಸ್ತಕಗಳಲ್ಲಿ ವಚನಪ್ರಕರಣವು ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ. ನಾಮಪದದ ಕೊನೆಗೆ ‘ಎಸ್’ ಅಥವಾ ‘ಇ ಎಸ್’ ಸೇರಿಸಿದರೆ ಬಹುವಚನವಾಗುವುದೆಂಬುದು ಮೊದಲನೆಯ ಭಾಗ. ಅದಕ್ಕೆ ಒಗ್ಗದ ಪದಗಳ ಪಟ್ಟಿ ಎರಡನೆಯದು. ಅವಕ್ಕೆ ಅನಿಯತ ಬಹುವಚನಗಳೆಂದು ಹೆಸರು. ರೇಡಿಯಸ್–ರೇಡಿಯೈ, ಡೇಟಮ್–ಡೇಟಾ, ಕ್ರೈಸಿಸ್–ಕ್ರೈಸೀಸ್, ಇಂಡೆಕ್ಸ್–ಇಂಡಿಸೀಸ್ ಎಂದು ವಿದ್ಯಾರ್ಥಿಗಳು ಈ ಪಟ್ಟಿಯನ್ನು ಮಗ್ಗಿಯಂತೆ ಉರುಹೊಡೆಯುತ್ತಾರೆ. ಮಗ್ಗಿಗಾದರೂ ಒಂದು ಕ್ರಮವುಂಟು. ಇದಕ್ಕೆ ಕ್ರಮವೇ ಇಲ್ಲವೆಂದು ತಿಳಿದ ಹುಡುಗನು ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆಯುತ್ತಾನೆ. ಪಟ್ಟಿಯಲ್ಲಿಲ್ಲದ ಪದವೊಂದು ಎದುರಾದರೆ ಊಹಿಸುವ ದಾರಿಯೂ ಅವನಿಗೆ ತೋರದು.

ಈ ಪದಗಳು ನಿಯಮ ಮೀರಿದವುಗಳಲ್ಲ, ತಮ್ಮ ತವರಿನ ನಿಯಮವನ್ನು ಜೊತೆಗೆ ತಂದವುಗಳು ಎಂಬುದೇ ಈ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವ ವಿಷಯ. ಆ ನಿಯಮಗಳಾದರೂ ಆರೇಳಕ್ಕಿಂತ ಹೆಚ್ಚಿಲ್ಲ. ಸಂಸ್ಕೃತದ ಶಬ್ದರೂಪಗಳನ್ನು ಅಲ್ಪಸ್ವಲ್ಪ ಬಲ್ಲ ನಮ್ಮ ಅಧ್ಯಾಪಕ ಬಂಧುಗಳಿಗೆ ಅವು ಅಪರಿಚಿತವೂ ಅಲ್ಲ.

ಮನೆಯ ಮಕ್ಕಳು, ಹೊರಗಿನ ಅತಿಥಿಗಳು

ಮೊದಲಿಗೆ ಒಂದು ಭೇದವನ್ನು ಗುರುತಿಸಬೇಕು. ಮ್ಯಾನ್–ಮೆನ್, ಫುಟ್–ಫೀಟ್, ಆಕ್ಸ್–ಆಕ್ಸನ್, ಚೈಲ್ಡ್–ಚಿಲ್ಡ್ರನ್ ಮುಂತಾದುವು ಹೊರಗಿನಿಂದ ಬಂದವಲ್ಲ. ಇಂಗ್ಲಿಷಿನ ಹಳೆಯ ಮನೆಮಾತುಗಳು. ಫುಟ್ ಎಂಬುದರ ಬಹುವಚನದಲ್ಲಿ ಬಹು ಹಿಂದೆ ಇಕಾರದ ಪ್ರತ್ಯಯವೊಂದಿದ್ದು, ಅದು ಹಿಂದಿನ ಸ್ವರವನ್ನು ಬದಲಾಯಿಸಿ ತಾನು ಲೋಪವಾಯಿತು. ಫೀಟ್ ಎಂಬುದು ಅದರ ಗುರುತು. ಚಿಲ್ಡ್ರನ್ ಎಂಬುದು ಬಹುವಚನದ ಮೇಲೆ ಬಹುವಚನ: ‘ರ’ಕಾರವುಳ್ಳ ಹಳೆಯ ಬಹುವಚನಕ್ಕೆ ಜನರು ‘ಎನ್’ ಪ್ರತ್ಯಯವನ್ನೂ ಸೇರಿಸಿದರು. ನಾವು ‘ಅವರು’ ಎಂಬುದು ಸಾಲದೆಂದು ‘ಅವರುಗಳು’ ಎನ್ನುವುದಿಲ್ಲವೆ? ಈ ವರ್ಗವನ್ನು ಇಲ್ಲಿಗೆ ಬಿಟ್ಟು ಅತಿಥಿಗಳ ಕಡೆಗೆ ತಿರುಗೋಣ.

ಲ್ಯಾಟಿನ್ ಭಾಷೆಯು ಶತಮಾನಗಳ ಕಾಲ ಇಂಗ್ಲೆಂಡಿನ ಧರ್ಮ, ನ್ಯಾಯ, ವಿದ್ಯೆಗಳ ಭಾಷೆಯಾಗಿತ್ತು. ಅಲ್ಲಿನ ಗ್ರಾಮರ್ ಶಾಲೆಗಳಲ್ಲಿ ಗ್ರಾಮರ್ ಎಂದರೆ ಲ್ಯಾಟಿನ್ ವ್ಯಾಕರಣವೇ. ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಮಹಾಗ್ರಂಥವೂ ಲ್ಯಾಟಿನ್ನಿನಲ್ಲಿದೆ. ‘ಪ್ರಿನ್ಸಿಪಿಯಾ’ ಎಂಬ ಅದರ ಹೆಸರೇ ಪ್ರಿನ್ಸಿಪಿಯಮ್ ಎಂಬುದರ ಬಹುವಚನ. ಇಂಥ ವಿದ್ವಾಂಸರು ಇಂಗ್ಲಿಷಿನಲ್ಲಿ ಬರೆಯುವಾಗಲೂ ಲ್ಯಾಟಿನ್, ಗ್ರೀಕ್ ಪದಗಳನ್ನು ಏಕವಚನ ಬಹುವಚನಗಳ ಸಮೇತ ತಂದರು. ಪಂಡಿತರ ಕೈಯಿಂದ ಬಂದುದರಿಂದಲೇ ಇವು ಗಣಿತ, ಸಸ್ಯಶಾಸ್ತ್ರ, ವೈದ್ಯ, ತರ್ಕಗಳಲ್ಲಿ ಹೆಚ್ಚಾಗಿ ಕಾಣುತ್ತವೆ.

ತವರಿನ ನಿಯಮಗಳು

ಒಂದು: ‘ಅಸ್’ ಎಂದು ಕೊನೆಗೊಳ್ಳುವ ಲ್ಯಾಟಿನ್ ಪುಲ್ಲಿಂಗಗಳು ಬಹುವಚನದಲ್ಲಿ ‘ಐ’ ಆಗುತ್ತವೆ. ರೇಡಿಯಸ್–ರೇಡಿಯೈ, ಫಂಗಸ್–ಫಂಗೈ, ಶಾಲೆಯ ಹಳೆಯ ವಿದ್ಯಾರ್ಥಿಯಾದ ಅಲಮ್ನಸ್–ಅಲಮ್ನೈ.

ಎರಡು: ‘ಆ’ ಎಂದು ಕೊನೆಗೊಳ್ಳುವ ಸ್ತ್ರೀಲಿಂಗಗಳು ‘ಈ’ ಆಗುತ್ತವೆ. ಫಾರ್ಮುಲಾ–ಫಾರ್ಮುಲೀ, ಹಳೆಯ ವಿದ್ಯಾರ್ಥಿನಿಯಾದ ಅಲಮ್ನಾ–ಅಲಮ್ನೀ.

ಮೂರು: ‘ಅಮ್’ ಎಂಬ ಲ್ಯಾಟಿನ್ ನಪುಂಸಕಗಳೂ ‘ಅನ್’ ಎಂಬ ಗ್ರೀಕ್ ನಪುಂಸಕಗಳೂ ‘ಆ’ ಎಂದಾಗುತ್ತವೆ. ಡೇಟಮ್–ಡೇಟಾ, ಮೆಮೊರಾಂಡಮ್–ಮೆಮೊರಾಂಡಾ, ಕ್ರೈಟೀರಿಯನ್–ಕ್ರೈಟೀರಿಯಾ, ಫಿನಾಮಿನನ್–ಫಿನಾಮಿನಾ. ಈ ಆಕಾರವು ನಮಗೆ ದೂರದ್ದಲ್ಲ. ನೊಗವೆಂಬ ಅರ್ಥದ ಲ್ಯಾಟಿನ್ ಯುಗುಮ್, ಗ್ರೀಕ್ ಜುಗೊನ್, ಸಂಸ್ಕೃತದ ಯುಗಮ್ ಒಂದೇ ಮೂಲದ ಪದಗಳು. ಲ್ಯಾಟಿನ್ನಿನಲ್ಲಿ ಅದರ ಬಹುವಚನ ಯುಗಾ, ಗ್ರೀಕಿನಲ್ಲಿ ಜುಗಾ. ವೇದದ ಭಾಷೆಯಲ್ಲಿಯೂ ‘ಯುಗಾನಿ’ಯ ಜೊತೆಗೆ ‘ಯುಗಾ’ ಎಂಬ ರೂಪವುಂಟು. ಡೇಟಮ್ ಎಂಬುದು ‘ಕೊಟ್ಟದ್ದು’ ಎಂಬರ್ಥದ ಪದ; ನಮ್ಮ ‘ದತ್ತ’ ಎಂಬುದರ ಒಡಹುಟ್ಟು. ಡೇಟಾ ಎಂಬುದಕ್ಕೆ ಕನ್ನಡದಲ್ಲಿ ‘ದತ್ತಾಂಶ’ ಎಂದವರು ಬಹಳ ಉಚಿತವಾದ ಪದವನ್ನೇ ಆರಿಸಿದರು.

ನಾಲ್ಕು: ‘ಇಸ್’ ಎಂದು ಕೊನೆಗೊಳ್ಳುವ ಪದಗಳು, ಬಹುಮಟ್ಟಿಗೆ ಗ್ರೀಕ್ ಮೂಲದವು, ‘ಈಸ್’ ಆಗುತ್ತವೆ. ಅನಾಲಿಸಿಸ್–ಅನಾಲಿಸೀಸ್, ಥೀಸಿಸ್–ಥೀಸೀಸ್, ಓಯೆಸಿಸ್–ಓಯೆಸೀಸ್. ಇಲ್ಲಿ ಭೇದವಿರುವುದು ಕೊನೆಯ ಸ್ವರದ ಹ್ರಸ್ವದೀರ್ಘಗಳಲ್ಲಿ. ರೋಮನ್ ಲಿಪಿಯಲ್ಲಿ ಒಂದಕ್ಷರ ಮಾತ್ರ ಬದಲಾಗುವುದರಿಂದ ಕಣ್ಣಿಗೆ ತೋರದೆ ಹೋಗುವ ಈ ಉಚ್ಚಾರಭೇದವನ್ನು ಕನ್ನಡ ಲಿಪಿ ಸ್ಪಷ್ಟವಾಗಿ ತೋರಿಸಬಲ್ಲುದು. ಕರಿಹಲಗೆಯ ಮೇಲೆ ಎರಡನ್ನೂ ಕನ್ನಡದಲ್ಲಿ ಬರೆದು ತೋರಿಸಿದರೆ ಮಕ್ಕಳು ಒಮ್ಮೆಗೇ ಗ್ರಹಿಸುತ್ತಾರೆ.

ಐದು: ‘ಎಕ್ಸ್’ ಎಂಬ ಅಕ್ಷರದಿಂದ ಕೊನೆಗೊಳ್ಳುವ ಪದಗಳು. ಇಂಡೆಕ್ಸ್ ಎಂಬುದರ ಪ್ರಕೃತಿ ‘ಇಂಡಿಕ್’. ಪ್ರಥಮಾ ಏಕವಚನದ ಸಕಾರ ಸೇರಿದಾಗ ಕಕಾರ ಸಕಾರಗಳು ಕೂಡಿ ‘ಕ್ಸ್’ ಎಂದಾದವು. ಬಹುವಚನದಲ್ಲಿ ಪ್ರಕೃತಿಯ ವ್ಯಂಜನ ಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಅದು ಸಕಾರವಾಗಿ ಇಂಡಿಸೀಸ್ ಎಂದಾಯಿತು. ಅಪೆಂಡಿಕ್ಸ್–ಅಪೆಂಡಿಸೀಸ್ ಕೂಡ ಹೀಗೆಯೇ. ಸಂಸ್ಕೃತದಲ್ಲಿ ‘ವಾಕ್’ ಎಂಬುದು ‘ವಾಚಃ’ ಎಂದಾಗುವುದನ್ನು ಬಲ್ಲವರಿಗೆ ಇದು ಸೋಜಿಗವೆನಿಸದು.

ಆರು: ಜೀನಸ್–ಜೆನೆರಾ, ಕಾರ್ಪಸ್–ಕಾರ್ಪೊರಾ. ನೋಡಲು ಮೊದಲ ವರ್ಗದವುಗಳಂತಿದ್ದರೂ ಇವು ಸಂಸ್ಕೃತದ ಮನಸ್, ತಪಸ್, ವಚಸ್ ಎಂಬಂಥ ಸಕಾರಾಂತ ನಪುಂಸಕಗಳು. ಎರಡು ಸ್ವರಗಳ ನಡುವಣ ಸಕಾರವು ಲ್ಯಾಟಿನ್ನಿನಲ್ಲಿ ರೇಫವಾಗುವುದರಿಂದ ಈ ರೂಪ ಬಂದಿದೆ.

ಏಳು: ‘ಮಾ’ ಎಂದು ಕೊನೆಗೊಳ್ಳುವ ಗ್ರೀಕ್ ನಪುಂಸಕಗಳು ‘ಮಾಟಾ’ ಎಂದಾಗುತ್ತವೆ: ಸ್ಟಿಗ್ಮಾ–ಸ್ಟಿಗ್ಮಾಟಾ. ಕೊನೆಯ ‘ಆ’ಕಾರವನ್ನು ಮಾತ್ರ ನೋಡಿ ಇವನ್ನು ಎರಡನೆಯ ವರ್ಗಕ್ಕೆ ಸೇರಿಸಬಾರದು.

ನೆಲೆನಿಂತ ಅತಿಥಿಗಳು

ಹಾಗಾದರೆ ಮ್ಯೂಸಿಯಮ್, ಆಲ್ಬಮ್, ಸರ್ಕಸ್, ಬೋನಸ್, ಡಿಪ್ಲೊಮಾ ಇವಕ್ಕೆ ತವರಿನ ಬಹುವಚನವೇಕೆ ಇಲ್ಲ? ಪದವು ಪಂಡಿತರ ಕೈಬಿಟ್ಟು ಪೇಟೆಬೀದಿಗೆ ಬಂದಾಗ ಇಂಗ್ಲಿಷ್ ಅದನ್ನು ತನ್ನದಾಗಿಸಿಕೊಂಡು ತನ್ನ ಪ್ರತ್ಯಯವನ್ನೇ ಸೇರಿಸುತ್ತದೆ. ಕನ್ನಡವು ಈ ಕಾರ್ಯವನ್ನು ಇನ್ನೂ ನಿಷ್ಠೆಯಿಂದ ಮಾಡಿದೆ. ಸಂಸ್ಕೃತದಿಂದ ಸಾವಿರಾರು ಪದಗಳನ್ನು ಪಡೆದರೂ ನಾವು ಫಲಾನಿ ಎನ್ನದೆ ಫಲಗಳು ಎನ್ನುತ್ತೇವೆ. ಕವಯಃ ಎನ್ನದೆ ಕವಿಗಳು ಎನ್ನುತ್ತೇವೆ. ಎರವಲು ಪದಗಳು ಕನ್ನಡದಲ್ಲಿ ಹೇಗೆ ಒಗ್ಗುತ್ತವೆಂಬುದು ನಮ್ಮ ವೈಯಾಕರಣರಿಗೆ ಹಳೆಯ ವಿಚಾರ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವನ್ನೇ ಇರಿಸಿದ್ದಾನೆ.

ಬಹುವಚನವೇ ಏಕವಚನವಾಗಿ ನಿಲ್ಲುವುದೂ ಉಂಟು. ಅಜೆಂಡಾ ಎಂಬುದು ‘ಮಾಡತಕ್ಕ ಕಾರ್ಯಗಳು’ ಎಂಬರ್ಥದ ಲ್ಯಾಟಿನ್ ಬಹುವಚನ. ಇಂದು ಸಭೆಯ ಕಾರ್ಯಸೂಚಿ ಒಂದೇ ಅಜೆಂಡಾ; ಅದರ ಬಹುವಚನ ಅಜೆಂಡಾಸ್. ಸಂಸ್ಕೃತದಲ್ಲಿ ‘ವಿದ್ವಾಂಸಃ’ ಎಂದರೆ ಹಲವರು, ಕನ್ನಡದಲ್ಲಿ ‘ವಿದ್ವಾಂಸ’ ಎಂದರೆ ಒಬ್ಬನೇ ಎಂಬುದನ್ನು ಇದಕ್ಕೆ ಹೋಲಿಸಬಹುದು. ಡೇಟಾ ಎಂಬುದು ಈ ದಾರಿಯಲ್ಲಿ ಅರ್ಧ ನಡೆದಿದೆ: ಅದಕ್ಕೆ ಏಕವಚನ ಕ್ರಿಯಾಪದವೂ ಬಹುವಚನ ಕ್ರಿಯಾಪದವೂ ಇಂದು ಶಿಷ್ಟ ಬರವಣಿಗೆಯಲ್ಲಿವೆ.

ಮತ್ತೆ ಕೆಲವು ಪದಗಳಲ್ಲಿ ಎರಡು ಬಹುವಚನಗಳೂ ಉಳಿದು ಅರ್ಥವನ್ನು ಹಂಚಿಕೊಂಡಿವೆ. ಕೀಟದ ಮೀಸೆಗಳು ಆಂಟೆನ್ನೀ, ರೇಡಿಯೊ ತಂತಿಗಳು ಆಂಟೆನ್ನಾಸ್. ಗಣಿತದ ಘಾತಸೂಚಿಗಳು ಇಂಡಿಸೀಸ್, ಪುಸ್ತಕದ ಪದಸೂಚಿಗಳು ಸಾಮಾನ್ಯವಾಗಿ ಇಂಡೆಕ್ಸಸ್. ಪತ್ರಿಕೆ, ಬಾನುಲಿಗಳು ಮೀಡಿಯಾ. ಪ್ರೇತಗಳೊಡನೆ ಮಾತನಾಡುವೆವೆನ್ನುವವರು ಮೀಡಿಯಮ್ಸ್. ಮೀಡಿಯಮ್ ಎಂಬ ಪದವನ್ನು ಗಡಿನಾಡಿನ ಅಧ್ಯಾಪಕರಾದ ನಾವು ದಿನಕ್ಕೆ ಹತ್ತು ಬಾರಿ ಉಚ್ಚರಿಸುತ್ತೇವೆ. ಅದರ ಮೂಲಾರ್ಥ ‘ನಡುವಣದು’. ‘ಮಧ್ಯ’ ಎಂಬುದಕ್ಕೂ ಅದಕ್ಕೂ ಮೂಲ ಒಂದೇ. ಆದ್ದರಿಂದ ‘ಕನ್ನಡ ಮೀಡಿಯಂ’ ಎಂದರೂ ‘ಕನ್ನಡ ಮಾಧ್ಯಮ’ ಎಂದರೂ ನಾವು ಒಂದೇ ಧಾತುವನ್ನು ನುಡಿಯುತ್ತಿದ್ದೇವೆ.

ಅತಿಪಾಂಡಿತ್ಯದ ಅಪಾಯ

ನಿಯಮ ತಿಳಿದವರಿಗೆ ಇನ್ನೊಂದು ಅಪಾಯವುಂಟು: ‘ಅಸ್’ ಎಂದು ಕಂಡಲ್ಲೆಲ್ಲ ‘ಐ’ ಹಚ್ಚುವ ಆತುರ. ಆಕ್ಟೊಪಸ್ ಎಂಬುದು ಗ್ರೀಕ್ ಪದ. ‘ಅಷ್ಟ’ ಮತ್ತು ‘ಪಾದ’ ಎಂಬುವುಗಳ ಬಂಧುಗಳು ಕೂಡಿ ಆದ ಸಮಾಸ. ಗ್ರೀಕಿನಲ್ಲಿ ಅದರ ಬಹುವಚನ ಆಕ್ಟೊಪೊಡೆಸ್. ‘ಆಕ್ಟೊಪೈ’ ಎಂಬ ರೂಪ ನಿಘಂಟುಗಳಲ್ಲಿ ಸೇರಿದ್ದರೂ ಅದು ಗ್ರೀಕ್ ಪದಕ್ಕೆ ಲ್ಯಾಟಿನ್ ಅಂಗಿ ತೊಡಿಸಿದಂತೆ. ವೈರಸ್ ಎಂಬುದು ವಿಷವೆಂಬರ್ಥದ ನಪುಂಸಕ. ಪ್ರಾಚೀನ ಲ್ಯಾಟಿನ್ನಿನಲ್ಲಿ ಅದಕ್ಕೆ ಬಹುವಚನದ ಬಳಕೆಯೇ ಇರಲಿಲ್ಲವಾದ್ದರಿಂದ ವೈರಸಸ್ ಎಂಬುದೇ ಸರಿ. ಇಗ್ನೊರೇಮಸ್ ಎಂಬುದು ನಾಮಪದವೇ ಅಲ್ಲ, ‘ನಾವು ಅರಿಯೆವು’ ಎಂಬ ಕ್ರಿಯಾಪದ. ಬಸ್ ಎಂಬುದಂತೂ ಪದವೂ ಅಲ್ಲ, ವಿಭಕ್ತಿಪ್ರತ್ಯಯದ ಬಾಲ. ಓಮ್ನಿಬಸ್ ಎಂದರೆ ‘ಎಲ್ಲರಿಗಾಗಿ’ ಎಂಬ ಚತುರ್ಥೀ ಬಹುವಚನ. 1829ರಲ್ಲಿ ಷಿಲಿಬಿಯರ್ ಎಂಬವನು ಲಂಡನ್ನಿನಲ್ಲಿ ಓಡಿಸಿದ ಕುದುರೆಗಾಡಿಗೆ ಆ ಹೆಸರಿತ್ತು; ಕಾಲಕ್ರಮದಲ್ಲಿ ತಲೆ ಉದುರಿ ಬಾಲ ಉಳಿಯಿತು.

ಎಲ್ಲಕ್ಕಿಂತ ರಸವತ್ತಾದುದು ನಮ್ಮ ಮೇಜಿನ ಮೇಲಿನ ಸಿಲಬಸ್. ಪುಸ್ತಕದ ಸುರುಳಿಗೆ ಅಂಟಿಸುವ ಹೆಸರಿನ ಚೀಟಿಗೆ ಗ್ರೀಕಿನಲ್ಲಿ ‘ಸಿಟ್ಟುಬಾ’ ಎಂಬ ಪದವಿತ್ತು. ರೋಮಿನ ಸಿಸೆರೊ ತನ್ನ ಪತ್ರಗಳಲ್ಲಿ ಅದನ್ನು ಬಳಸಿದ್ದನು. 15ನೆಯ ಶತಮಾನದಲ್ಲಿ ಆ ಪತ್ರಗಳನ್ನು ಅಚ್ಚು ಹಾಕುವಾಗ ಅದು ‘ಸಿಲಬೊಸ್’ ಎಂದು ತಪ್ಪಾಗಿ ಅಚ್ಚಾಯಿತು. ಆ ತಪ್ಪೇ ಪದವಾಗಿ ಬೆಳೆದು, ಇಲ್ಲದ ಲ್ಯಾಟಿನ್ ಕುಲವನ್ನು ಆರೋಪಿಸಿಕೊಂಡು ‘ಸಿಲಬೈ’ ಎಂಬ ಬಹುವಚನವನ್ನೂ ಪಡೆಯಿತು. ಇಂದು ಸಿಲಬೈ, ಸಿಲಬಸಸ್ ಎರಡೂ ಅಂಗೀಕೃತ. ಹೀಗಿರುವಲ್ಲಿ ಸಿಲಬಸಸ್ ಎಂದು ಬರೆದ ಹುಡುಗನ ಉತ್ತರಕ್ಕೆ ಕೆಂಪು ಶಾಯಿಯ ಗೀಟು ಎಳೆಯುವುದು ಯಾವ ನ್ಯಾಯ?

ತರಗತಿಯಲ್ಲಿ

ಇಲ್ಲಿಯವರೆಗಿನ ವಿವೇಚನೆಯಿಂದ ಮೂರು ಮಾತುಗಳು ಫಲಿಸುತ್ತವೆ. ಮೊದಲನೆಯದಾಗಿ, ಪಟ್ಟಿಯನ್ನು ಅಕಾರಾದಿಯಾಗಿ ಕೊಡದೆ ಅಂತ್ಯಾಕ್ಷರಗಳ ಪ್ರಕಾರ ವರ್ಗಮಾಡಿ ಕೊಡುವುದು ಲೇಸು. ಐವತ್ತು ಪದಗಳ ಹೊರೆ ಏಳು ಸೂತ್ರಗಳಿಗೆ ಇಳಿಯುತ್ತದೆ. ಎರಡನೆಯದಾಗಿ, ಎರಡು ರೂಪಗಳೂ ರೂಢಿಯಲ್ಲಿರುವಲ್ಲಿ, ಫಾರ್ಮುಲೀ–ಫಾರ್ಮುಲಾಸ್ ಎಂಬಂತೆ, ಯಾವುದನ್ನು ಬರೆದರೂ ಅಂಕ ಕಳೆಯಬಾರದು. ಒಂದೇ ಬರಹದಲ್ಲಿ ಎರಡನ್ನೂ ಬೆರಸಬಾರದೆಂದು ಹೇಳಿದರೆ ಸಾಕು. ಮೂರನೆಯದಾಗಿ, ‘ಒಂದು ಕ್ರೈಟೀರಿಯಾ’, ‘ಒಂದು ಫಿನಾಮಿನಾ’ ಎಂಬ ಪ್ರಯೋಗಗಳನ್ನು ತಿದ್ದಲೇಬೇಕು. ಆಡುಮಾತಿನಲ್ಲಿ ಅವು ಕೇಳಿಬರುತ್ತಿದ್ದರೂ ಶಿಷ್ಟ ಬರವಣಿಗೆ ಇನ್ನೂ ಅವನ್ನು ಒಪ್ಪಿಲ್ಲ. ತಿದ್ದುವಾಗ ಕಾರಣವನ್ನೂ ಹೇಳಿದರೆ ಒಂದು ಪದವಲ್ಲ, ಒಂದು ವರ್ಗವೇ ತಿದ್ದಿದಂತಾಗುತ್ತದೆ.

ಗಡಿನಾಡಿನ ನಮ್ಮ ಮಕ್ಕಳು ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಭಾಷೆಯ ನಡುವೆ ಬೆಳೆಯುವವರು. ಪದಗಳು ಎಲ್ಲೆ ದಾಟಿ ಬರುವುದೂ, ಬಂದವು ಕೆಲಕಾಲ ತವರಿನ ನಡೆಯನ್ನು ಉಳಿಸಿಕೊಂಡು ಮೆಲ್ಲಮೆಲ್ಲನೆ ಹೊಸ ನೆಲಕ್ಕೆ ಹೊಂದುವುದೂ ಅವರಿಗೆ ಅನುಭವಸಿದ್ಧ. ‘ಇದು ಅನಿಯತ, ಕಂಠಪಾಠ ಮಾಡು’ ಎಂದರೆ ಆ ಅನುಭವ ವ್ಯರ್ಥವಾಗುತ್ತದೆ. ‘ಇದು ಬೇರೆ ಊರಿನ ನಿಯಮ, ಯಾವ ಊರಿನದೆಂದು ನೋಡು’ ಎಂದರೆ ಆ ಅನುಭವವೇ ಪಾಠಕ್ಕೆ ನೆರವಾಗುತ್ತದೆ.