ಕ್ಯೂ ತೋಟದ ಸಸಿ, ತಿಗಳರ ಪೋಷಣೆ

ಮಾಮೂಲ್‌ಪೇಟೆಯ ಇಕ್ಕಟ್ಟು ಬೀದಿಗೆ ಬರುವ ತಳ್ಳುಗಾಡಿಯನ್ನು ಒಮ್ಮೆ ಗಮನಿಸಿ. ಪರಂಗಿ, ಸೀಬೆ, ಸಪೋಟ, ಅನಾನಸ್. ಪಕ್ಕದ ಗಾಡಿಯಲ್ಲಿ ಸೀಮೆಬದನೆ. ಇವುಗಳಲ್ಲಿ ಒಂದೂ ನಮ್ಮ ನೆಲದ್ದಲ್ಲ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಎಲ್ಲವುಗಳ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ‘ಪರಂಗಿ’ ಎಂಬಲ್ಲಿ ಫಿರಂಗಿಯೂ ‘ಸೀಮೆ’ ಎಂಬಲ್ಲಿ ಕಡಲಾಚೆಯ ನಾಡೂ ಅಡಗಿ ಕುಳಿತಿವೆ.

ಹೀಗೆ ಹೊರಗಿನಿಂದ ಬಂದ ಎಷ್ಟೋ ಗಿಡಗಳಿಗೆ ಬೆಂಗಳೂರಿನಲ್ಲಿ ಮೊದಲ ಆಸರೆಯಾದದ್ದು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ, ಆನಂತರ ಜಾನ್ ಕ್ಯಾಮರಾನ್ ಇದರ ಮೇಲ್ವಿಚಾರಕರಾದರು. 1874ರಿಂದ 1908ರವರೆಗೆ ಅಧಿಕಾರದಲ್ಲಿದ್ದ ಕ್ಯಾಮರಾನರೇ ಸೀಮೆಬದನೆಯನ್ನು ಇಲ್ಲಿಗೆ ತಂದವರೆಂದು ಹೇಳಲಾಗುತ್ತದೆ. ತಮಿಳರೂ ತೆಲುಗರೂ ಇಂದಿಗೂ ಅದನ್ನು ಬೆಂಗಳೂರಿನ ಹೆಸರು ಸೇರಿಸಿಯೇ ಕರೆಯುತ್ತಾರೆ.

ತರುವುದು ಸುಲಭದ ಕೆಲಸವಾಗಿರಲಿಲ್ಲ. ಸೀಮೆಬದನೆ ನಾವು ತರಕಾರಿಯಾಗಿ ಬಳಸುವ ಕಾಯಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ಫಲವೇ. ಅದರೊಳಗೆ ಇರುವುದು ಒಂದೇ ಬೀಜ. ಆ ಬೀಜವನ್ನು ರಾಗಿ, ಅವರೆಯಂತೆ ಒಣಗಿಸಿ ಇಡಲಾಗದು, ಕಾಯಿಯೊಳಗೇ ಮೊಳೆಯುತ್ತದೆ. ಆದ್ದರಿಂದ ಇಡೀ ಕಾಯಿಯನ್ನೇ ನೆಡಬೇಕು. ಮಾವು, ಹಲಸಿನ ಬೀಜಗಳೂ ಒಣಗಿದರೆ ಸಾಯುವ ಜಾತಿಯವೇ. ಇಂಥವನ್ನು ಹಡಗಿನಲ್ಲಿ ಸಾಗಿಸಲು ನೆರವಾದದ್ದು ವಾರ್ಡ್ ಎಂಬ ಲಂಡನ್ನಿನ ವೈದ್ಯ ರೂಪಿಸಿದ ಗಾಜಿನ ಪೆಟ್ಟಿಗೆ. ಸಸಿ ಹೊರಬಿಟ್ಟ ತೇವವೇ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಉಪ್ಪುಗಾಳಿ ಒಳಗೆ ಸುಳಿಯುತ್ತಿರಲಿಲ್ಲ.

ಆದರೆ ಪೆಟ್ಟಿಗೆ ತೆರೆದ ಮೇಲೆ ಏನು? ಕ್ಯೂ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13ರಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಉಷ್ಣವಲಯದ ಗಿಡಕ್ಕೆ ಗಾಜಿನ ಮನೆಯ ಬೆಚ್ಚಗಿನ ಆಸರೆ ಬೇಕು. ಇಲ್ಲಿ ಬೇಕಾದದ್ದು ಬೇಸಿಗೆಯ ನೀರು, ಕೆಂಪು ಮಣ್ಣಿಗೆ ಗೊಬ್ಬರ, ಗೆದ್ದಲಿನಿಂದ ಕಾವಲು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅದನ್ನು ಬಲ್ಲವರು ಈ ಊರಿನ ತಿಗಳರು. ಅವರನ್ನು ಹೈದರಾಲಿಯೇ ತೋಟದ ಕೆಲಸಕ್ಕೆ ಕರೆಸಿದನೆಂಬ ಮಾತೂ ಇದೆ. ಕೆರೆಯಂಗಳದಲ್ಲಿ ಹೂವು, ಹಣ್ಣು, ಸೊಪ್ಪು ಬೆಳೆದು ಪೇಟೆಗೆ ತಂದು ಮಾರುತ್ತಿದ್ದ ಕುಲ ಅದು.

ಒಟ್ಟುಕಸಿಯನ್ನೇ ನೋಡಿ. ಕುಂಡದಲ್ಲಿ ಬೆಳೆದ ನಾಟಿ ಮಾವಿನ ಸಸಿಯನ್ನು ಬಾದಾಮಿಯಂಥ ಒಳ್ಳೆಯ ತಳಿಯ ಕೊಂಬೆಯ ಬಳಿಗೆ ಒಯ್ದು, ಎರಡರ ತೊಗಟೆಯನ್ನೂ ಸ್ವಲ್ಪ ಹೆರೆದು, ಗಾಯಕ್ಕೆ ಗಾಯ ತಾಗಿಸಿ ಕಟ್ಟಬೇಕು. ತೊಗಟೆಯ ಕೆಳಗಿನ ಬೆಳೆಯುವ ಪದರಗಳು ಬೆಸೆಯಲು ಎರಡು ಮೂರು ತಿಂಗಳು ಬೇಕು. ಅಷ್ಟು ದಿನವೂ ಕುಂಡ ಒಣಗಬಾರದು, ಕಟ್ಟು ಸಡಿಲವಾಗಬಾರದು. ಸಾಹೇಬರ ಪಟ್ಟಿಯಲ್ಲಿ ಗಿಡದ ಲ್ಯಾಟಿನ್ ಹೆಸರು ದಾಖಲಾಗುತ್ತಿತ್ತು. ನಿತ್ಯ ನೀರೆರೆದವನ ಹೆಸರನ್ನು ಬರೆಯಲು ಅದರಲ್ಲಿ ಕಲಂ ಇರಲಿಲ್ಲ.

ಕ್ಯಾಮರಾನರ ಬಳಿಕ 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದರು. 1932ರಲ್ಲಿ ಹೊಣೆ ಎಚ್. ಸಿ. ಜವರಾಯರಿಗೆ, ಮುಂದೆ ಎಂ. ಎಚ್. ಮರಿಗೌಡರಿಗೆ ದಾಟಿತು. ಹಣ್ಣಿನ ಬೆಳೆ ಲಾಲ್‌ಬಾಗಿನ ಬೇಲಿ ದಾಟಿ ರೈತರ ಹೊಲ ಸೇರಿತು. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇರೂರಿದ್ದೂ ಹೆಸರಘಟ್ಟದ ಹಳೆಯ ಹಣ್ಣಿನ ತೋಟದಲ್ಲೇ.

ಕ್ರುಂಬಿಗಲ್, ಮರಿಗೌಡರ ಹೆಸರಿನಲ್ಲಿ ಇಂದು ರಸ್ತೆಗಳಿವೆ, ಇರಬೇಕಾದದ್ದೇ. ತೋಟಗಾರರ ಪಾಲಿಗೆ ಉಳಿದದ್ದು ತಿಗಳರಪೇಟೆ, ಧರ್ಮರಾಯನ ಗುಡಿ, ಚೈತ್ರ ಹುಣ್ಣಿಮೆಯ ಕರಗ. ಅವರು ಬೇಸಾಯ ಮಾಡುತ್ತಿದ್ದ ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಕೆರೆ ಹೋದ ಮೇಲೆ ತೋಟ ಹೋಯಿತು; ತೋಟ ಹೋದ ಮೇಲೆ ಕೈಯ ಕಸುಬು ಎಷ್ಟು ತಲೆಮಾರು ಉಳಿದೀತು?

ಗಿಡ ಹೊರನಾಡಿನಿಂದ ಬರಬಹುದು, ತಂದವರ ಹೆಸರೂ ಉಳಿಯಬಹುದು. ಅದು ಬೇರು ಬಿಡಬೇಕಾದರೆ ಈ ನೆಲವನ್ನು ಬಲ್ಲ ಕೈ ಬೇಕು. ಮುಂದಿನ ಸಲ ಸೀಬೆಯನ್ನು ಉಪ್ಪುಖಾರ ಹಚ್ಚಿ ಕಚ್ಚುವಾಗ, ಆ ಕೈಗಳನ್ನೂ ಒಮ್ಮೆ ನೆನೆದರೆ ತಪ್ಪೇನಿಲ್ಲ.